ಪಿಡಿಎಫ್‌ನಲ್ಲಿ ಕನ್ನಡ ಪದ ಸಿಗುತ್ತಿಲ್ಲ, ಎವಿನ್ಸ್ ಅನ್ನು ಸೋರ್ಸ್‌ನಿಂದ ಹಾಕಲೇ?

ಗುಮ್ಮಟನಾಡು (ವಿಜಯಪುರ): ನಮಸ್ಕಾರ. ನಮ್ಮ ಓಣಿಯ ವಾಚನಾಲಯದ ಕಂಪ್ಯೂಟರಿನಲ್ಲಿ ಉಬುಂಟು ಇದೆ. ವಚನಗಳ ನಲವತ್ತು ಪಿಡಿಎಫ್ ಕೂಡಿಸಿಟ್ಟಿದ್ದೇವೆ. ಪಿಡಿಎಫ್ ಓದುವ ಎವಿನ್ಸ್ ಪ್ರೋಗ್ರಾಂನಲ್ಲಿ ತೆರೆದು ‘ಕೂಡಲಸಂಗಮ’ ಎಂದು ಹುಡುಕಿದರೆ ಏನೂ ಬರುವುದಿಲ್ಲ. ಪದ ಮಾತ್ರ ಕಣ್ಣೆದುರೇ ಇದೆ! ಹೊಸ ಆವೃತ್ತಿಯಲ್ಲಿ ಸರಿಹೋದೀತು ಎಂದು ಸೋರ್ಸ್ ಕೋಡ್ ಇಳಿಸಿದೆ. ಅದರಿಂದ ಪ್ರೋಗ್ರಾಂ ಕಟ್ಟಲು ಮೆಸನ್ ಎಂಬ ಸಾಧನ ಓಡಿಸಿದರೆ ‘ಪಾಪ್ಲರ್-ಗ್ಲಿಬ್ ಸಿಗಲಿಲ್ಲ’ ಎಂದು ನಿಲ್ಲುತ್ತದೆ. ಈಗ ಪಿಡಿಎಫ್ ಬಿಡಿಸಿ ತೋರಿಸುವ ಪಾಪ್ಲರ್ ಲೈಬ್ರರಿಯನ್ನೂ ಸೋರ್ಸ್‌ನಿಂದಲೇ ಹಾಕಬೇಕೆಂದಿದ್ದೇನೆ.

ಘಟಪ್ರಭಾ ದಂಡೆ (ಗೋಕಾಕ): ಪಾಪ್ಲರ್ ಮುಟ್ಟಬೇಡಿ ಸರ್. ಅದು ನಿಮ್ಮಲ್ಲಿ ಆಗಲೇ ಇದೆ. ಇಲ್ಲದಿದ್ದರೆ ಪಿಡಿಎಫ್ ತೆರೆಯುತ್ತಲೇ ಇರಲಿಲ್ಲ. ಕಂಪೈಲ್ ಮಾಡಲು (ಸೋರ್ಸ್ ಕೋಡಿನಿಂದ ಪ್ರೋಗ್ರಾಂ ಕಟ್ಟಲು) ಅದರ ಹೆಡರ್ ಫೈಲುಗಳು ಬೇಕು, ಅವು ‘ಲಿಬ್‌ಪಾಪ್ಲರ್-ಗ್ಲಿಬ್-ಡೆವ್’ ಪ್ಯಾಕೇಜಿನಲ್ಲಿವೆ. ಸೆಟ್ಟಿಂಗ್‌ನಲ್ಲಿ ‘ಸೋರ್ಸ್ ಕೋಡ್’ಗೆ ಟಿಕ್ ಹಾಕಿ ಉಬುಂಟುವಿನಲ್ಲಿ ಪ್ಯಾಕೇಜು ಹಾಕುವ ಆಪ್ಟ್‌ಗೆ ‘ಆಪ್ಟ್ ಬಿಲ್ಡ್-ಡೆಪ್ ಎವಿನ್ಸ್’ ಎಂಬ ಆಜ್ಞೆ ಕೊಟ್ಟರೆ ಬೇಕಾದ್ದೆಲ್ಲ ಒಟ್ಟಿಗೆ ಬರುತ್ತದೆ. ನಾನು ಒಮ್ಮೆ ಹೊಸ ಪಾಪ್ಲರನ್ನು ಇಡೀ ಸಿಸ್ಟಂಗೆ ಸೇರಿದ ‘ಯುಎಸ್ಆರ್-ಲೋಕಲ್’ ಫೋಲ್ಡರಿನ ಒಳಗೆ ಹಾಕಿದ್ದೆ. ಪಾಪ್ಲರ್-ಗ್ಲಿಬ್ ಲೈಬ್ರರಿಯ ಹೆಸರು ಹಳೆಯದರಲ್ಲೂ ಹೊಸದರಲ್ಲೂ ಒಂದೇ. ಹಾಗಾಗಿ ಬೇರೆ ಪ್ರೋಗ್ರಾಂಗಳೂ ಹೊಸದನ್ನೇ ಎತ್ತಿಕೊಂಡವು. ಎರಡು ದಿನ ಒದ್ದಾಡಿದೆ.

ಕುಂದಾನಗರಿ (ಬೆಳಗಾವಿ): ಅಣ್ಣಾ, ದಾರಿ ಸರಿ ಹೇಳಿದಿರಿ. ಆದರೆ ಅವರು ಹೋಗಬೇಕಾದ ಊರೇ ಬೇರೆ. ಎವಿನ್ಸ್ ಹೊಸದಾದರೂ ಈ ಪದ ಸಿಗುವುದಿಲ್ಲ. ಆ ಫೈಲುಗಳು ಹಳೆಯ ನುಡಿ ಫಾಂಟಿನಲ್ಲಿ ಮಾಡಿದವು ಇರಬೇಕು. ಅದರಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಚಿತ್ರ. ನೀವು ಯೂನಿಕೋಡ್‌ನಲ್ಲಿ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತ ಇರುವ ಪದ್ಧತಿ) ಟೈಪ್ ಮಾಡಿದ ‘ಕೂ’ ಆ ಫೈಲಿನಲ್ಲಿ ಇಲ್ಲವೇ ಇಲ್ಲ. ಸುಮ್ನೆ ಕಂಪೈಲ್ ಮಾಡುವ ಮೊದಲು ‘ಪಿಡಿಎಫ್‌ಫಾಂಟ್ಸ್’ ಓಡಿಸಿ ಫಾಂಟಿನ ಹೆಸರು ನೋಡಿ. ‘ಪಿಡಿಎಫ್‌ಟುಟೆಕ್ಸ್ಟ್’ ಕೊಟ್ಟರೆ ಬರುವ ಪಠ್ಯವನ್ನೂ ನೋಡಿ. ಎರಡೂ ಪಾಪ್ಲರ್-ಯುಟಿಲ್ಸ್ ಪ್ಯಾಕೇಜಿನಲ್ಲಿವೆ.

ಘಟಪ್ರಭಾ ದಂಡೆ: ಒಪ್ಪಿದೆ. ಆದರೂ ‘ಕಂಪೈಲ್ ಮಾಡಲೇಬೇಡಿ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಮೆಸನ್, ನಿಂಜಾ ಕಲಿತಿದ್ದೇ ನಾನು ಹೀಗೆ. ಮನೆ ಫೋಲ್ಡರಿನ ಒಳಗೆ ಪ್ರಿಫಿಕ್ಸ್ (ಪ್ರೋಗ್ರಾಂ ಹಾಕುವ ಜಾಗ) ಕೊಟ್ಟರೆ ಸಿಸ್ಟಂಗೆ ಏನೂ ಆಗುವುದಿಲ್ಲ.

ಕುಂದಾನಗರಿ: ಕಲಿಯಲು ಬೇಕಾದಷ್ಟು ಮಾಡಲಿ, ಬೇಡ ಅಂದವರು ಯಾರು? ಆದರೆ ಅದು ವಾಚನಾಲಯದ ಕಂಪ್ಯೂಟರ್ ಅಲ್ವಾ? ಕೈಯಾರೆ ಹಾಕಿದ ಎವಿನ್ಸ್‌ಗೆ ಆಪ್ಟ್‌ನಿಂದ ಭದ್ರತಾ ಅಪ್‌ಡೇಟ್ ಬರುವುದಿಲ್ಲ. ನಾಳೆ ಇವರು ಊರಲ್ಲಿ ಇಲ್ಲದಾಗ ಅದನ್ನು ನೋಡಿಕೊಳ್ಳುವವರು ಯಾರು?

ಗುಮ್ಮಟನಾಡು: ಈಗಷ್ಟೇ ಓಡಿಸಿ ನೋಡಿದೆ. ನಲವತ್ತರಲ್ಲಿ ಇಪ್ಪತ್ತೇಳು ನುಡಿ ಫಾಂಟಿನವು, ಪಠ್ಯ ಪೂರ್ತಿ ಗೊಂದಲ. ಒಂಬತ್ತಕ್ಕೆ ಫಾಂಟೇ ಇಲ್ಲ, ಬರೀ ಸ್ಕ್ಯಾನ್. ಉಳಿದ ನಾಲ್ಕು ಯೂನಿಕೋಡ್, ಅವುಗಳಲ್ಲಿ ‘ಕೂಡಲಸಂಗಮ’ ಸಿಕ್ಕಿತು! ನಾನು ಇವನ್ನು ತೆರೆದು ಹುಡುಕಿಯೇ ಇರಲಿಲ್ಲ.

ಮಲಪ್ರಭಾ ಓದುಗಿ (ಬಾದಾಮಿ): ಸ್ಕ್ಯಾನ್ ಆದವಕ್ಕೆ ಚಿತ್ರದಿಂದ ಅಕ್ಷರ ಗುರುತಿಸುವ ಟೆಸೆರ‍್ಯಾಕ್ಟ್ ಇದೆ ಸರ್. ಕನ್ನಡದ್ದು ‘ಟೆಸೆರ‍್ಯಾಕ್ಟ್-ಒಸಿಆರ್-ಕನ್’ ಪ್ಯಾಕೇಜು. ‘ಒಸಿಆರ್‌ಮೈಪಿಡಿಎಫ್’ ಜೊತೆ ಬಳಸಿದರೆ ಚಿತ್ರದ ಹಿಂದೆ ಹುಡುಕಬಹುದಾದ ಪಠ್ಯ ಕೂಡುತ್ತದೆ. ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ ಬೇರೆ ಪಠ್ಯ ಫೈಲು ಮಾಡಿಡಿ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಕಣ್ಣಿಟ್ಟು ತಿದ್ದಬೇಕು. ನಾನು ತಿದ್ದಲು ಬರುತ್ತೇನೆ.

ಗುಮ್ಮಟನಾಡು: ತುಂಬಾ ಉಪಕಾರವಾಯ್ತು ಅಕ್ಕಾ. ವಾಚನಾಲಯದಲ್ಲಿ ಆಪ್ಟ್‌ನ ಎವಿನ್ಸೇ ಇರಲಿ. ಘಟಪ್ರಭಾ ಅಣ್ಣಾ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಬಿಲ್ಡ್-ಡೆಪ್ ಓಡುತ್ತಿದೆ. ಪ್ರಿಫಿಕ್ಸ್ ಎಲ್ಲಿ ಕೊಡಬೇಕೆಂದು ಪೂರ್ತಿ ಆಜ್ಞೆ ಬರೆದು ಕೊಡಿ.