ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣಕ್ಕೆ ಒಬ್ಬರೇ ಹೋಗಿಬಂದವರು ಅನುಭವ ತಿಳಿಸಿ

ಪ್ರಶ್ನೆ: ಅಕ್ಟೋಬರಿನಲ್ಲಿ ಬೇಸಿಸಹರ್‌ನಿಂದ ಹೊರಟು, ಥೊರಾಂಗ್ ಲಾ ಎಂಬ ಬೆಟ್ಟದ ಕಣಿವೆದಾರಿ (ಪಾಸ್) ದಾಟಿ ಮುಕ್ತಿನಾಥಕ್ಕೆ ಇಳಿಯಬೇಕೆಂದಿದ್ದೇನೆ. ಜೊತೆಗೆ ಬರುವವರಿಲ್ಲ. ನನಗೆ 52 ವರ್ಷ, ಇಳಿಜಾರಿನಲ್ಲಿ ಮಂಡಿ ನೋಯುತ್ತದೆ. ಸಲಹೆ ಕೊಡಿ.

ಮೊದಲ ಉತ್ತರ: ನಾನು ಒಬ್ಬನೇ ಹೋಗಿಬಂದವನು. ವಿದೇಶಿ ಚಾರಣಿಗರು ಗೈಡ್ ಇಟ್ಟುಕೊಳ್ಳಲೇಬೇಕೆಂದು ನೇಪಾಳ 2023ರ ಏಪ್ರಿಲ್‌ನಲ್ಲಿ ನಿಯಮ ತರುವುದಕ್ಕೆ ಮುಂಚಿನ ಮಾತಿದು. ಗೈಡಿನ ಹಣ ಉಳಿಯಿತು, ಆದರೆ ಸೀಸನ್‌ನಲ್ಲಿ ಒಬ್ಬರಿಗಾಗಿ ಕೋಣೆ ಕೊಡಲು ಟೀ ಹೌಸ್‌ನವರು (ದಾರಿಯಲ್ಲಿನ ವಸತಿಗೃಹದವರು) ಹಿಂದೇಟು ಹಾಕುತ್ತಾರೆ. ಪಾಸಿನ ಬುಡದ ತಂಗುದಾಣ ಥೊರಾಂಗ್ ಫೇದಿಯಲ್ಲಿ ನನಗೆ ಸಿಕ್ಕಿದ್ದು ಊಟದ ಹಾಲ್‌ನ ಬೆಂಚು, ಕೊಟ್ಟಿದ್ದು ಪೂರ್ತಿ ಕೋಣೆಯ ಬಾಡಿಗೆ. ಮೊಬೈಲ್ ಚಾರ್ಜ್ ಮಾಡಲು 300 ನೇಪಾಳಿ ರೂಪಾಯಿ, ಒಂದು ಬಕೆಟ್ ಬಿಸಿನೀರಿಗೆ 400. ನಮ್ಮ 100 ರೂಪಾಯಿ ಅವರ 160ಕ್ಕೆ ಸಮ ಎಂದು ಎಷ್ಟು ಸಮಾಧಾನ ಮಾಡಿಕೊಂಡರೂ ಮೇಲೆ ಹೋದಂತೆಲ್ಲ ಪರ್ಸ್ ಬರಿದಾಗುತ್ತದೆ. ಆದರೂ ಬೆಳಗಿನ ಜಾವ ನಾಲ್ಕಕ್ಕೆ ಹೆಡ್‌ಲ್ಯಾಂಪ್ ಹಚ್ಚಿಕೊಂಡು ಹೊರಟು, ಗಾಳಿ ಜೋರಾಗುವ ಮೊದಲೇ 5,416 ಮೀಟರ್ ಎತ್ತರದ ಆ ಪಾಸನ್ನು ಯಾರ ಹಂಗೂ ಇಲ್ಲದೆ ದಾಟಿದೆ. ಗೈಡ್ ಇಲ್ಲದೆ ಆಗದು ಎನ್ನುವವರು ಆ ದಾರಿಯನ್ನೇ ಕಂಡವರಲ್ಲ.

ಎರಡನೆಯ ಉತ್ತರ: ಕಂಡವಳೇ ಹೇಳುತ್ತಿದ್ದೇನೆ. 2014ರ ಅಕ್ಟೋಬರಿನಲ್ಲಿ ಹುದ್‌ಹುದ್ ಚಂಡಮಾರುತದ ಪರಿಣಾಮವಾಗಿ ಸುರಿದ ಹಿಮಕ್ಕೆ ಆ ಪ್ರದೇಶದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು ಎಂಬುದನ್ನು ಮೇಲಿನವರು ಮರೆತಂತಿದೆ. ನಾನು ದಿನಕ್ಕೆ 3,500 ನೇಪಾಳಿ ರೂಪಾಯಿ ಕೊಟ್ಟು ಗೈಡ್ ಇಟ್ಟುಕೊಂಡೆ, ಅದರಲ್ಲಿ ಒಂದು ಪೈಸೆಯೂ ದಂಡವಾಗಲಿಲ್ಲ. ಫೇದಿಯಲ್ಲಿ ಎತ್ತರಕ್ಕೆ ಒಗ್ಗದೆ ನನಗೆ ವಾಂತಿ ಶುರುವಾದಾಗ, ಬೆಳಗಾಗಲಿ ಎಂದು ಕಾಯದೆ ಆತ ರಾತ್ರಿಯೇ ನನ್ನ ತೋಳು ಹಿಡಿದು ಇಳಿಸಿದ. ಕೆಳಗಿನ ಊರಾದ ಮನಾಂಗ್‌ನಿಂದ ಕಠ್ಮಂಡುವಿಗೆ ಹೆಲಿಕಾಪ್ಟರಿನಲ್ಲಿ ಹೋದೆ. ವಿಮೆಯವರು ಒಂದು ಕಾಸೂ ಕೊಡಲಿಲ್ಲ. ಪಾಲಿಸಿ 4,000 ಮೀಟರ್‌ವರೆಗೆ ಮಾತ್ರವಂತೆ. ಹೆಲಿಕಾಪ್ಟರ್ ಹತ್ತಿದ ಮನಾಂಗ್ ಅದಕ್ಕಿಂತ ಕೆಳಗಿದೆಯಲ್ಲ ಎಂದರೆ, ಕಾಯಿಲೆ ಶುರುವಾದದ್ದು ಫೇದಿಯಲ್ಲಿ, ಫೇದಿ 4,400 ದಾಟುತ್ತದೆ ಎಂದು ವಾದಿಸಿದರು.

ಮೂರನೆಯ ಉತ್ತರ: ಎರಡನೆಯವರೇ, ತಾವು ಜೀಪ್ ಹತ್ತಿದ್ದಿರೋ ಇಲ್ಲವೋ, ಅದನ್ನು ಮೊದಲು ಹೇಳಿ. ರಸ್ತೆ ಮನಾಂಗ್ ಮುಟ್ಟಿದ ಮೇಲೆ ಬಹಳ ಜನ ಅಲ್ಲಿಯವರೆಗೆ ಕುಳಿತುಕೊಂಡೇ ಹೋಗಿ, ಆಮೇಲೆ ತಲೆನೋವಿಗೆ ಬೆಟ್ಟವನ್ನು ಬೈಯುತ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಬಾರದು. ಪೂರ್ತಿ ನಡೆದ ನನಗೆ ಎತ್ತರದ ಕಾಯಿಲೆಗೆ ನುಂಗುವ ಡಯಾಮಾಕ್ಸ್ ಮಾತ್ರೆ ಕೂಡ ಬೇಕಾಗಲಿಲ್ಲ.

ಮೊದಲನೆಯವರು: ಡಯಾಮಾಕ್ಸ್ ನುಂಗುವುದು ಅವಮಾನವೇನಲ್ಲ. ನಾನೂ ನುಂಗಿದ್ದೇನೆ, ಪಾಸನ್ನೂ ದಾಟಿದ್ದೇನೆ.

ಎರಡನೆಯವರು: ನಾನು ಜೀಪ್ ಹತ್ತಿದ್ದು ಚಾಮೆಯವರೆಗೆ ಮಾತ್ರ, ಅದು 2,700 ಮೀಟರ್ ಕೂಡ ಇಲ್ಲ. ಅಲ್ಲಿಂದ ಮೇಲೆ ತಾವು ಹೇಳಿದ ಲೆಕ್ಕದಂತೆಯೇ ನಡೆದೆ, ಮನಾಂಗ್‌ನಲ್ಲಿ ಒಂದು ದಿನ ಹೆಚ್ಚಾಗಿಯೇ ಉಳಿದೆ. ವಿಮೆಯವರು ಬರೆದ ಪತ್ರ ನನ್ನ ಬಳಿ ಇದೆ. ಅದರಲ್ಲಿ ಜೀಪಿನ ಮಾತೇ ಇಲ್ಲ. ದಯವಿಟ್ಟು ಅವರ ಪರವಾಗಿ ತಾವು ಹೊಸ ಕಾರಣ ಹುಡುಕಿಕೊಡಬೇಡಿ.