ಅಪ್ಪ, ಅಮ್ಮ ಇಬ್ಬರಿಗೂ ಬಿಪಿ ಇದೆ. ನನಗೆ ಬರದ ಹಾಗೆ ತಡೆಯಬಹುದಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನನಗೆ 34 ವರ್ಷ. ಅಪ್ಪ, ಅಮ್ಮ ಇಬ್ಬರೂ ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಕಳೆದ ವಾರ ಆಫೀಸಿನ ತಪಾಸಣೆಯಲ್ಲಿ ನನಗೆ 128/78 ಬಂತು. ಗಾಬರಿ ಬೇಡ ಅಂದರು. ಆದರೂ ಮನಸ್ಸಿನಲ್ಲಿ ಅಳುಕು ಇದೆ. ಇಡೀ ದಿನ ಕೂತೇ ಕೆಲಸ, ತೂಕವೂ ಸ್ವಲ್ಪ ಜಾಸ್ತಿ. ಊಟಕ್ಕೆ ಮೇಲುಪ್ಪು ಹಾಕಿಕೊಳ್ಳುವುದಿಲ್ಲ. ಇನ್ನೇನು ಮಾಡಬೇಕು?

ಡಾಕ್ಟರ್: ಒಳ್ಳೆಯ ಸಮಯದಲ್ಲಿ ಕೇಳಿದ್ದೀರಿ. 120/80ಕ್ಕಿಂತ ಕಡಿಮೆ ಇದ್ದರೆ ಅದು ಸರಿಯಾದ ಬಿಪಿ. ನಿಮ್ಮದು ಕಾಯಿಲೆ ಅಲ್ಲ, ಆದರೆ ಅದರ ದಾರಿ ಹಿಡಿದಿರಬಹುದು. ಮಾತ್ರೆ ಇಲ್ಲದೆ ತಿರುಗಿಸಿಕೊಳ್ಳಲು ಅವಕಾಶ ಇರುವುದು ಈ ಹಂತದಲ್ಲೇ. ಅಪ್ಪ, ಅಮ್ಮನಿಂದ ಬಂದ ಗುಣವನ್ನು ಬದಲಿಸಲು ಆಗುವುದಿಲ್ಲ. ಅದು ಎಷ್ಟು ಬೇಗ, ಎಷ್ಟು ಜೋರಾಗಿ ಕಾಣಿಸಿಕೊಳ್ಳುತ್ತದೆ ಅನ್ನುವುದು ಮಾತ್ರ ಬಹುಪಾಲು ನಿಮ್ಮ ದಿನಚರಿಯ ಮೇಲೆ ನಿಂತಿದೆ.

ಮೊದಲು ಉಪ್ಪಿನ ಮಾತು. ಮೇಲುಪ್ಪು ಬಿಟ್ಟಿದ್ದು ಒಳ್ಳೆಯದೇ. ಆದರೆ ತುಂಬಾ ಜನರಿಗೆ ಜಾಸ್ತಿ ಉಪ್ಪು ಹೊಟ್ಟೆ ಸೇರುವುದು ಕಣ್ಣಿಗೆ ಕಾಣದ ಕಡೆಯಿಂದ: ಬ್ರೆಡ್, ಬಿಸ್ಕತ್ತು, ಚಿಪ್ಸ್, ಸಾಸ್, ಸೂಪಿನ ಪುಡಿ, ಹೋಟೆಲ್ ಊಟ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಅಡುಗೆಗೆ ಹಾಕಿದ್ದು, ಪ್ಯಾಕೆಟಿನಲ್ಲಿ ಬಂದದ್ದು ಎಲ್ಲಾ ಸೇರಿ ಅಷ್ಟು. ಪ್ಯಾಕೆಟ್ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು! ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡುತ್ತಾ ಹೋಗಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಹಳೆಯ ರುಚಿಯೇ ಉಪ್ಪುಪ್ಪು ಅನ್ನಿಸುತ್ತದೆ.

ಬಿಡುವುದರ ಜೊತೆಗೆ ಸೇರಿಸಿಕೊಳ್ಳುವುದೂ ಇದೆ, ಇದನ್ನು ಜನ ಮರೆತೇ ಬಿಡುತ್ತಾರೆ. ತರಕಾರಿ, ಹಣ್ಣು, ಸೊಪ್ಪು, ಬೇಳೆಕಾಳುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಜಾಸ್ತಿಯಾದ ಸೋಡಿಯಂ ಅನ್ನು ಹೊರಗೆ ಹಾಕಲು ಅದು ಕಿಡ್ನಿಗೆ ನೆರವಾಗುತ್ತದೆ. ಅಮೆರಿಕದಲ್ಲಿ ನಡೆದ ಡ್ಯಾಶ್ ಅನ್ನುವ ಅಧ್ಯಯನದ ಫಲಿತಾಂಶ 1997ರಲ್ಲಿ ಬಂತು. ಅದರಲ್ಲಿ ಉಪ್ಪನ್ನೂ ಕಡಿಮೆ ಮಾಡಿರಲಿಲ್ಲ, ತೂಕವನ್ನೂ ಇಳಿಸಿರಲಿಲ್ಲ. ತರಕಾರಿ, ಹಣ್ಣು, ಕೊಬ್ಬು ಕಡಿಮೆ ಇರುವ ಹಾಲಿನ ಪದಾರ್ಥ ಜಾಸ್ತಿ ಕೊಟ್ಟು, ಒಟ್ಟು ಕೊಬ್ಬನ್ನು ಕಡಿಮೆ ಮಾಡಿದರು. 8 ವಾರಗಳಲ್ಲಿ ಬಿಪಿ ಇದ್ದವರ ಮೇಲಿನ ಸಂಖ್ಯೆ ಸರಾಸರಿ 11ರಷ್ಟು ಇಳಿಯಿತು. ಊಟವೊಂದರಿಂದಲೇ ಇಷ್ಟು ಆಗುತ್ತದೆ ಅನ್ನುವುದು ನನಗೆ ಇಂದಿಗೂ ದೊಡ್ಡ ಭರವಸೆ.

ತೂಕ ಒಂದು ಕಿಲೋ ಇಳಿದರೆ ಮೇಲಿನ ಸಂಖ್ಯೆ ಸುಮಾರು 1 ಇಳಿಯುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ಸಾಕು, ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಸಿಗರೇಟು ಇದ್ದರೆ ಪೂರ್ತಿ ಬಿಡಿ. ಮದ್ಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇನ್ನೊಬ್ಬ ಸದಸ್ಯರು: ಮೇಡಂ, ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು ಬಳಸಿದರೆ ಬಿಪಿ ಬರಲ್ಲ ಅಂತಾರೆ. ನಿಜಾನಾ?

ಡಾಕ್ಟರ್: ಇಲ್ಲ. ಬಣ್ಣ ಯಾವುದಾದರೂ ಅದರಲ್ಲಿ ಬಹುಪಾಲು ಇರುವುದು ಸೋಡಿಯಂ ಕ್ಲೋರೈಡೇ. ಸೋಡಿಯಂ ಕಡಿಮೆ ಇರುವ ಉಪ್ಪು ಅಂತ ಬೇರೆಯೇ ಸಿಗುತ್ತದೆ, ಅದರಲ್ಲಿ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಅದರಿಂದ ಉಪಯೋಗ ಇದೆ. ಆದರೆ ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಮತ್ತೊಬ್ಬ ಸದಸ್ಯರು: ನಮ್ಮ ತಂದೆ ದಿನಾ ವಾಕಿಂಗ್ ಮಾಡುತ್ತಾರೆ, ಊಟದಲ್ಲೂ ಕಟ್ಟುನಿಟ್ಟು. ಎರಡು ತಿಂಗಳಿಂದ ಬಿಪಿ ನಾರ್ಮಲ್ ಇದೆ. ಮಾತ್ರೆ ನಿಲ್ಲಿಸುತ್ತೇನೆ ಅಂತ ಹಟ ಹಿಡಿದಿದ್ದಾರೆ.

ಡಾಕ್ಟರ್: ದಯವಿಟ್ಟು ನಿಲ್ಲಿಸಲು ಬಿಡಬೇಡಿ. ಮಾತ್ರೆ ಕೆಲಸ ಮಾಡುತ್ತಿರುವುದರಿಂದಲೇ ಬಿಪಿ ನಾರ್ಮಲ್ ಇರಬಹುದು ಅಲ್ವಾ? ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬಿಪಿ ಮೊದಲಿಗಿಂತ ಜಾಸ್ತಿ ಏರುತ್ತದೆ. ಅವರ ಶಿಸ್ತಿಗೆ ಫಲ ಖಂಡಿತ ಇದೆ, ಪ್ರಮಾಣ ಕಡಿಮೆ ಮಾಡಲೂ ಆಗಬಹುದು. ಅದನ್ನು ಅವರನ್ನು ನೋಡುವ ಡಾಕ್ಟರೇ ಹಂತಹಂತವಾಗಿ ಮಾಡಬೇಕು. ಇನ್ನೊಂದು ವಿಷಯ, ಮಂಡಿನೋವಿಗೆ, ಬೆನ್ನುನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ಮಾತ್ರೆ ನುಂಗುತ್ತಿದ್ದಾರಾ ವಿಚಾರಿಸಿ. ಅವು ಬಿಪಿ ಏರಿಸುತ್ತವೆ. ಮೂಗು ಕಟ್ಟಿದಾಗ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಹಾಗೇ.

ಮೊದಲು ಕೇಳಿದವರು: ತುಂಬಾ ಧನ್ಯವಾದ ಡಾಕ್ಟ್ರೇ. ಹೆಂಡತಿ ನಾನು ಜೋರಾಗಿ ಗೊರಕೆ ಹೊಡೆಯುತ್ತೇನೆ ಅನ್ನುತ್ತಾಳೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ? ಮನೆಯಲ್ಲಿ ಬಿಪಿ ಹೇಗೆ ನೋಡಿಕೊಳ್ಳಲಿ?

ಡಾಕ್ಟರ್: ಸಂಬಂಧ ಇದೆ. ಗೊರಕೆಯ ನಡುವೆ ಉಸಿರು ನಿಂತಂತಾಗಿ ಮತ್ತೆ ಎಳೆದುಕೊಳ್ಳುತ್ತೀರಾ ಅಂತ ಅವರನ್ನೇ ಕೇಳಿ. ಹೌದು ಅಂದರೆ, ಅಥವಾ ಹಗಲೆಲ್ಲಾ ತೂಕಡಿಕೆ ಇದ್ದರೆ, ನಿದ್ರೆಯ ಪರೀಕ್ಷೆ ಮಾಡಿಸಿ. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಬಿಪಿ ಬರುವ ಸಂಭವ ಜಾಸ್ತಿ.

ತೋಳಿಗೆ ಪಟ್ಟಿ ಕಟ್ಟುವ ಯಂತ್ರ ತೆಗೆದುಕೊಳ್ಳಿ. ಪಟ್ಟಿ ನಿಮ್ಮ ತೋಳಿನ ಅಳತೆಯದ್ದೇ ಇರಲಿ, ಚಿಕ್ಕದಾದರೆ ಸಂಖ್ಯೆ ಜಾಸ್ತಿ ತೋರಿಸುತ್ತದೆ. ನೋಡುವ ಮುಂಚಿನ ಅರ್ಧ ಗಂಟೆ ಕಾಫಿ, ಟೀ, ಸಿಗರೇಟು, ವ್ಯಾಯಾಮ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ 5 ನಿಮಿಷ ಸುಮ್ನೆ ಕೂತಿರಿ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ನೋಡುವಾಗ ಮಾತು ಬೇಡ, ಮಾತಾಡಿದರೂ ಬಿಪಿ ಏರುತ್ತದೆ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು, 7 ದಿನ ಬರೆದಿಡಿ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. 135/85 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಆ ಚೀಟಿ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಕಡಿಮೆ ಇದ್ದರೆ ಮೇಲೆ ಹೇಳಿದ್ದನ್ನು ಶುರುಮಾಡಿ, ಮೂರು ತಿಂಗಳು ಬಿಟ್ಟು ಇದೇ ರೀತಿ ಮತ್ತೊಂದು ವಾರ ನೋಡಿ ಇಲ್ಲಿ ಬರೆಯಿರಿ.