ಮೂರು ತಿಂಗಳಿಗೊಮ್ಮೆ ಜಂತಿನ ಔಷಧ ಹಾಕಿದರೂ ಕುದುರೆ ಲದ್ದಿಯಲ್ಲಿ ಮೊಟ್ಟೆ: ಡೋಸ್ ಹೆಚ್ಚಿಸಬೇಕಾ, ಔಷಧ ಬದಲಿಸಬೇಕಾ?

ತೇಜಿ_ಗದಗ
ನಮಸ್ಕಾರ್ರೀ ಎಲ್ಲಾರಿಗೂ. ಮದುವಿ ಮೆರವಣಿಗಿಗೆ ಕಳಸೋ ಹೆಣ್ಣು ಕುದುರಿ ಒಂದೈತ್ರಿ, ಏಳು ವರ್ಷದ್ದು. ಅದರ ಜೋಡಿ ನಾಲ್ಕು ತಿಂಗಳ ಮರಿ. ಮೂರು ತಿಂಗಳಿಗೊಮ್ಮೆ ಫೆನ್‌ಬೆಂಡಜೋಲ್ ಬೋಲಸ್ (ದೊಡ್ಡ ಗುಳಿಗಿ) ತಪ್ಪದ ಹಾಕ್ಕೋತ ಬಂದೇವಿ. ಆದ್ರೂ ತಾಯಿ ಸೊರಗೇ ಸೊರಗತೈತಿ, ಮೈಗೂದಲಕ್ಕ ಹೊಳಪಿಲ್ಲ, ಕಂಬಕ್ಕ ತಿಕ್ಕಿ ತಿಕ್ಕಿ ಬಾಲದ ಬುಡದ ಕೂದಲ ಉದುರ್ಯಾವು. ಮರೀದು ಹೊಟ್ಟಿ ಮಡಕಿ ಆಗೈತಿ, ಆಗಾಗ ಕೆಮ್ಮತೈತಿ. ತಾಯಿ ಲದ್ದಿ ಪರೀಕ್ಷಾ ಮಾಡಿಸಿದ್ರ ಚೀಟಿ ಮ್ಯಾಲ ‘ಸ್ಟ್ರಾಂಗೈಲ್ ++’ ಅಂತ ಬರದು ಕೊಟ್ಟಾರ. ಡೋಸ್ ಡಬಲ್ ಮಾಡಬೇಕೋ, ಔಷಧ ಬದಲಸಬೇಕೋ? ಎರಡಕ್ಕೂ ಒಂದ ಔಷಧ ನಡೀತೈತೇನ್ರಿ?

ಲದ್ದಿ_ಡಾಕ್ಟ್ರು
ಡಬಲ್ ಮಾಡಬೇಡಿ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ: ಎರಡಕ್ಕೂ ಒಂದೇ ಔಷಧ ನಡೆಯೋದು ಅನುಮಾನ. ನಿಮ್ಮ ಲಾಯದಲ್ಲಿ ಒಂದಲ್ಲ, ಮೂರು ಬೇರೆ ಬೇರೆ ಹುಳದ ಲಕ್ಷಣ ಕಾಣ್ತಿದೆ.

ಸ್ಟ್ರಾಂಗೈಲ್ ಅಂದರೆ ಕುದುರೆ ಕರುಳಿನ ದುಂಡುಹುಳ, ಸಣ್ಣದು ದೊಡ್ಡದು ಅಂತ ಎರಡು ಬಗೆ. ‘++’ ಅಂದರೆ ಅದರ ಮೊಟ್ಟೆ ಇದೆ ಅಂತಷ್ಟೇ. ನಮಗೆ ಬೇಕಾದ್ದು ಲೆಕ್ಕ. ಗದಗದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ‘ಮ್ಯಾಕ್‌ಮಾಸ್ಟರ್ ಎಣಿಕೆ ಮಾಡಿಕೊಡಿ’ ಅಂತ ಕೇಳಿ. 4 ಗ್ರಾಂ ಲದ್ದಿಯನ್ನು 56 ಮಿ.ಲೀ. ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಸೋಸಿ, ಗೆರೆ ಹಾಕಿದ ಗಾಜಿನ ಪಟ್ಟಿಯ ಎರಡು ಗೂಡಿಗೆ ತುಂಬುತ್ತಾರೆ. ಮೊಟ್ಟೆ ಹಗುರ, ಮೇಲಕ್ಕೆ ತೇಲಿ ಬರುತ್ತೆ. ಎಣಿಸಿದ್ದನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಲದ್ದಿಗೆ ಎಷ್ಟು ಮೊಟ್ಟೆ ಅಂತ ಬರುತ್ತೆ. ತಾಯಿದು, ಮರಿದು ಬೇರೆ ಬೇರೆ ಕೊಡಿ. ಆಗಷ್ಟೇ ಹಾಕಿದ ಲದ್ದಿ ಆಗಬೇಕು, ಪ್ಲಾಸ್ಟಿಕ್ ಚೀಲದ ಗಾಳಿ ಹಿಂಡಿ ತೆಗೆದು ಗಂಟು ಹಾಕಿ. ಬಿಸಿಲಲ್ಲಿ ಬೈಕಿನ ಬಾಕ್ಸಿನಲ್ಲಿಟ್ಟರೆ ಮೊಟ್ಟೆ ಒಡೆದು ಮರಿಯಾಗಿ ಲೆಕ್ಕ ಕೆಡುತ್ತೆ. ಫ್ರಿಜ್ಜಿನಲ್ಲಿಡಬಹುದು, ಫ್ರೀಜರಿನಲ್ಲಿ ಬೇಡ.

ಆಮೇಲೆ ತೂಕ. ಅಂದಾಜಿನ ಮೇಲೆ ಬೋಲಸ್ ಹಾಕ್ತಿದ್ದೀರಾ?

ತೇಜಿ_ಗದಗ
ಹೌದ್ರಿ, 250 ಕೆಜಿ ಇದ್ದೀತು ಅಂತ 1.5 ಗ್ರಾಂ ಬೋಲಸ್ ಒಂದು.

ಲದ್ದಿ_ಡಾಕ್ಟ್ರು
ಟೇಲರ್ ಟೇಪು ತಗೊಳ್ಳಿ. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡೂ ಸೆಂ.ಮೀ.ನಲ್ಲಿ. ಸುತ್ತಳತೆ × ಸುತ್ತಳತೆ × ಉದ್ದ ÷ 11,880 ಮಾಡಿದರೆ ಕೆಜಿ ಸಿಗುತ್ತೆ. ಇದು ಬೆಳೆದ ಕುದುರೆಗೆ ಮಾತ್ರ. ಮರಿಯನ್ನು ಹತ್ತಿ ಇಲ್ಲವೇ ಮೆಣಸಿನಕಾಯಿ ತೂಗುವ ಕಾಟಾ ಮೇಲೆ ನಿಲ್ಲಿಸಿ.

ಮೂಡುಗಾಳಿ
ಇಷ್ಟೆಲ್ಲ ಯಾಕೆ ಅಣ್ಣ? ಹಸುಗಳಿಗೆ ಕೊಡೋ ಐವರ್‌ಮೆಕ್ಟಿನ್ ಇಂಜೆಕ್ಷನ್ ಒಂದು ಚುಚ್ಚಿದ್ರೆ ಮುಗೀತು. ನಮ್ಮಜ್ಜ ತಂಬಾಕು, ಬೇವಿನ ಸೊಪ್ಪು ಅರೆದು ಕುಡಿಸ್ತಿದ್ರು.

ಲದ್ದಿ_ಡಾಕ್ಟ್ರು
ಮೂಡುಗಾಳಿಯವರೇ, ಇಂಜೆಕ್ಷನ್ ಮಾತ್ರ ಖಂಡಿತ ಬೇಡ. 1980ರ ದಶಕದಲ್ಲಿ ಅಮೆರಿಕದಲ್ಲಿ ಕುದುರೆಗೆ ಅಂತಲೇ ಐವರ್‌ಮೆಕ್ಟಿನ್ ಇಂಜೆಕ್ಷನ್ ಬಂದಿತ್ತು. ಚುಚ್ಚಿದ ಕಡೆ ಬಾವು, ಕೆಲವಕ್ಕೆ ಮಾಂಸ ಕೊಳೆಯುವ ಕ್ಲಾಸ್ಟ್ರಿಡಿಯಂ ಸೋಂಕು ಆಗಿ ಜೀವವೂ ಹೋಗಿ, ಅದನ್ನು ವಾಪಸ್ ತೆಗೆದು ಬಾಯಿಗೆ ಹಾಕುವ ರೂಪವನ್ನಷ್ಟೇ ಉಳಿಸಿಕೊಂಡರು. ತಂಬಾಕಿನ ನಿಕೋಟಿನ್ ಕುದುರೆಗೇ ವಿಷ. ಬೇವಿಗೆ ಹುಳ ಸಾಯುತ್ತೆ ಅನ್ನೋದನ್ನು ಎಣಿಕೆ ಮಾಡಿ ತೋರಿಸಿದರೆ ನಾನೂ ಒಪ್ತೀನಿ.

ತೇಜಿ_ಗದಗ
ಎಣಿಕಿ ಬಂತ್ರಿ. ತಾಯಿದು 850. ಮರಿದು ಸ್ಟ್ರಾಂಗೈಲ್ ಅಷ್ಟೇನಿಲ್ಲ, ‘ಪ್ಯಾರಾಸ್ಕಾರಿಸ್ ಬಹಳ’ ಅಂದ್ರು. ತಾಯಿ ಸುತ್ತಳತಿ 165, ಉದ್ದ 145. ಲೆಕ್ಕ ಹಾಕಿದ್ರ 332 ಕೆಜಿ ಬಂತು! ಹಂಗಾರ ಔಷಧ ಕಡಿಮಿ ಬಿದ್ದದ್ದಕ್ಕ ಹುಳ ಸತ್ತಿಲ್ಲೇನ್ರಿ?

ಲದ್ದಿ_ಡಾಕ್ಟ್ರು
ಕಡಿಮೆ ಬಿದ್ದಿದೆ ನಿಜ, ಆದರೆ ಅದೊಂದೇ ಕಾರಣ ಅಂತ ನನಗನ್ನಿಸಲ್ಲ. ಕೆಜಿಗೆ 5 ಮಿ.ಗ್ರಾಂ ಪ್ರಕಾರ 1,660 ಮಿ.ಗ್ರಾಂ ಬೇಕಿತ್ತು, 1,500 ಹೋಗಿದೆ. ನೂರಕ್ಕೆ ಹತ್ತು ಕಡಿಮೆಯಾದರೆ ಹುಳ ಇಷ್ಟು ಆರಾಮಾಗಿ ಇರಲ್ಲ. ಒಂದು ಕೆಲಸ ಮಾಡಿ: ಒಂದು ಬೋಲಸ್, ಜೊತೆಗೆ 150 ಮಿ.ಗ್ರಾಂ ಮಾತ್ರೆ ಒಂದು ಹಾಕಿ, ಹದಿನಾಲ್ಕನೇ ದಿನ ಅದೇ ಲ್ಯಾಬಿನಲ್ಲಿ ಎಣಿಸಿ. ಔಷಧ ನಾಟಿದ್ದರೆ ಲೆಕ್ಕ ಸೊನ್ನೆ ಹತ್ತಿರ ಬರಬೇಕು.

ಮರಿ ವಿಷಯ ಬೇರೆ, ಅದು ಅರ್ಜೆಂಟ್. ಪ್ಯಾರಾಸ್ಕಾರಿಸ್ ಅಂದರೆ ದೊಡ್ಡ ಜಂತುಹುಳ, ಬಿಳಿ, ಗೇಣುದ್ದ, ಕೆಲವು ಅದಕ್ಕಿಂತ ಉದ್ದ. ಇದರ ಎಳೆ ಹುಳಗಳು ಯಕೃತ್ತು, ಶ್ವಾಸಕೋಶ ಸುತ್ತಿಕೊಂಡು ಬರುತ್ತವೆ, ಮರಿ ಕೆಮ್ಮೋದು ಅದಕ್ಕೇ ಇರಬಹುದು. ಈ ಹುಳಕ್ಕೆ ಐವರ್‌ಮೆಕ್ಟಿನ್ ನಾಟದಿರುವುದು ಬಹಳ ದೇಶಗಳಲ್ಲಿ ಕಂಡುಬಂದಿದೆ, ಫೆನ್‌ಬೆಂಡಜೋಲ್ ಸಾಮಾನ್ಯವಾಗಿ ಇನ್ನೂ ನಾಟುತ್ತೆ. ಅಂದರೆ ತಾಯಿಗೆ ಕೆಲಸ ಮಾಡ್ತಿಲ್ಲ ಅಂತ ನೀವು ಬಯ್ಯುತ್ತಿರುವ ಔಷಧವೇ ಮರಿಗೆ ಬೇಕಾದ್ದು, ಕೆಜಿಗೆ 10 ಮಿ.ಗ್ರಾಂ. ಆದರೆ ನೀವೇ ಹಾಕಬೇಡಿ, ಪಶುವೈದ್ಯರನ್ನು ಲಾಯಕ್ಕೆ ಕರೆಸಿ. ಹುಳ ಬಹಳ ಇದ್ದು ಒಂದೇ ಸಲ ಸತ್ತರೆ ಸಣ್ಣ ಕರುಳಿನಲ್ಲಿ ಉಂಡೆಗಟ್ಟಿ ದಾರಿ ಮುಚ್ಚುತ್ತೆ. ಹುಳವನ್ನು ಥಟ್ಟನೆ ಮರಗಟ್ಟಿಸುವ ಐವರ್‌ಮೆಕ್ಟಿನ್, ಪೈರಾಂಟೆಲ್‌ಗಳಲ್ಲಿ ಈ ಭಯ ಜಾಸ್ತಿ. ಔಷಧ ಹಾಕಿದ ಮೇಲೆ ಮರಿ ಹೊರಳಾಡಿದರೆ, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡಿದರೆ, ಹಾಲು ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ.

ಕುಣಿಗಲ್_ರಸ್ತೆ
ನಾನು ಕುದುರೆ ಸಾಕೋ ಫಾರ್ಮಿನಲ್ಲಿ ಕೆಲಸ ಮಾಡೋನು. ಮರಿಗಳ ಲಾಯದ್ದು ಒಂದು ಮಾತು ಸೇರಿಸ್ತೀನಿ. ಈ ಜಂತಿನ ಮೊಟ್ಟೆ ಅಂಟು, ಗೋಡೆ, ಗೋದಲಿ, ತಾಯಿ ಕೆಚ್ಚಲು ಎಲ್ಲ ಕಡೆ ಕೂರುತ್ತೆ, ವರ್ಷಗಟ್ಟಲೆ ಸಾಯಲ್ಲ. ಫಿನಾಯಿಲ್ ಹಾಕಿ ಪ್ರಯೋಜನ ಇಲ್ಲ. ಕೆರೆದು, ಬ್ರಷ್ ಹಾಕಿ ಉಜ್ಜಿ, ಕುದಿಯೋ ನೀರು ಹೊಯ್ಯಬೇಕು. ಹೋದ ವರ್ಷ ಮರಿ ಕಟ್ಟಿದ ಜಾಗದಲ್ಲಿ ಈ ವರ್ಷದ ಮರಿ ಕಟ್ಟಬೇಡಿ.

ತಾಯಿ ಬಾಲ ತಿಕ್ಕೋದಕ್ಕೆ ಬಾಲ ಎತ್ತಿ ನೋಡಿ. ಗುದದ ಸುತ್ತ ಹಳದಿ-ಬಿಳಿ ಹಕ್ಕಳೆ ಇದ್ದರೆ ಅದು ಪಿನ್‌ವರ್ಮ್, ಅಂದ್ರೆ ಗುದದ ಸುತ್ತ ಮೊಟ್ಟೆ ಇಡೋ ಹುಳ. ಇದರ ಮೊಟ್ಟೆ ಲದ್ದಿಯಲ್ಲಿ ಸಿಗೋದು ಕಡಿಮೆ, ಸೆಲ್ಲೋಟೇಪ್ ಅಂಟಿಸಿ ಕಿತ್ತು ಗಾಜಿನ ಮೇಲೆ ಹಚ್ಚಿ ಲ್ಯಾಬಿಗೆ ಕೊಡಬೇಕು. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಸುಡಿ, ತಿಕ್ಕಿದ ಕಂಬನೂ ತೊಳೀರಿ. ಹಕ್ಕಳೆ ಇಲ್ಲದಿದ್ರೆ ಗುಂಗಾಡು ಕಚ್ಚಿದ ತುರಿಕೆ ಇರಬಹುದು.

ತೇಜಿ_ಗದಗ
ಡಾಕ್ಟ್ರ ಎದುರಿಗೇ ಮರಿಗೆ ಔಷಧ ಹಾಕಿಸಿದ್ವಿ. ಮರುದಿನದಿಂದ ಲದ್ದಿವಳಗ ಬೆಳ್ಳಾನ ಹುಳ ಬಿದ್ದಾವ್ರಿ, ನೋಡಾಕ ಹೇಸಿಗಿ. ಮರಿ ಆರಾಮೈತಿ, ಹಾಲ ಕುಡೀತೈತಿ. ತಾಯಿ ಎಣಿಕಿ ಹದಿನಾಲ್ಕು ದಿನಕ್ಕ 600. ಕಡಿಮಿ ಆಗೈತಿ ಅಲ್ರಿ?

ಲದ್ದಿ_ಡಾಕ್ಟ್ರು
ಆಗಿಲ್ಲ. ಮೊದಲು ಗಾಜಿನ ಮೇಲೆ ಕಂಡದ್ದು 17 ಮೊಟ್ಟೆ, ಈಗ 12. ಔಷಧ ಹಾಕದೇ ಎರಡು ಸಲ ಎಣಿಸಿದರೂ ಅಷ್ಟು ಹೆಚ್ಚುಕಮ್ಮಿ ಬರುತ್ತೆ. ನಿಮ್ಮ ಲಾಯದ ಸಣ್ಣ ಸ್ಟ್ರಾಂಗೈಲ್‌ಗೆ ಫೆನ್‌ಬೆಂಡಜೋಲ್ ಲೆಕ್ಕಕ್ಕೇ ಇಲ್ಲ ಅಂತಾಯ್ತು.

ಯಾಕೆ ಹೀಗಾಯ್ತು ಅಂದರೆ, ಕ್ಯಾಲೆಂಡರ್ ನೋಡಿ ಔಷಧ ಹಾಕುವ ಪದ್ಧತಿ 1966ರಲ್ಲಿ ಅಮೆರಿಕದ ಕೆಂಟಕಿಯ ವಿಜ್ಞಾನಿಗಳು ಹೇಳಿದ್ದರಿಂದ ಬೆಳೆದದ್ದು, ಅವರು ಹೇಳಿದ್ದು ಎರಡು ತಿಂಗಳಿಗೊಮ್ಮೆ. ಆಗಿನ ವೈರಿ ದೊಡ್ಡ ಸ್ಟ್ರಾಂಗೈಲ್, ಅದರ ಮರಿಹುಳ ಕರುಳಿಗೆ ರಕ್ತ ಕೊಡುವ ಧಮನಿಯಲ್ಲಿ ಕೂತು ಹೊಟ್ಟೆಶೂಲೆಯಿಂದ ಕುದುರೆಗಳನ್ನು ಕೊಲ್ಲುತ್ತಿತ್ತು. ಆ ಹುಳಕ್ಕೆ ಮೊಟ್ಟೆ ಇಡುವಷ್ಟು ಬೆಳೆಯಲು ಆರು ತಿಂಗಳಿಗೂ ಹೆಚ್ಚು ಬೇಕು, ಹಾಗಾಗಿ ಆ ಪದ್ಧತಿ ಅದನ್ನು ಚೆನ್ನಾಗಿ ಹತ್ತಿಕ್ಕಿತು. ಸಣ್ಣ ಸ್ಟ್ರಾಂಗೈಲ್ ಮಾತ್ರ ಅದೇ ಔಷಧ ತಿಂದೂ ತಿಂದೂ ಪಳಗಿಬಿಟ್ಟಿತು.

ಈಗ ತಾಯಿಗೆ ಐವರ್‌ಮೆಕ್ಟಿನ್ ಪೇಸ್ಟ್, ಕೆಜಿಗೆ 0.2 ಮಿ.ಗ್ರಾಂ. ಸಿರಿಂಜಿನ ಬಿರಡೆಯನ್ನು 350 ಕೆಜಿ ಗೆರೆಗೆ ನಿಲ್ಲಿಸಿ. ಬಾಯಲ್ಲಿ ಮೇವಿದ್ದರೆ ಪೇಸ್ಟ್ ಸಮೇತ ಉಗುಳುತ್ತೆ, ಮೊದಲು ಬಾಯಿ ಖಾಲಿ ಇದೆಯಾ ನೋಡಿ, ನಾಲಗೆಯ ಹಿಂಭಾಗಕ್ಕೆ ಹಾಕಿ ಗದ್ದ ಸ್ವಲ್ಪ ಹೊತ್ತು ಎತ್ತಿ ಹಿಡಿಯಿರಿ. ಕುದುರೆ ಹೊಟ್ಟೆಯಲ್ಲಿ ಬೆಳೆಯುವ ಬಾಟ್ ನೊಣದ ಹುಳವೂ ಇದಕ್ಕೇ ಹೋಗುತ್ತೆ. ಮುಂಗಾಲಿನ ಕೂದಲಿಗೆ ಹಳದಿ ಚುಕ್ಕೆ ಅಂಟಿದ್ದರೆ ಅದೇ ಆ ನೊಣದ ಮೊಟ್ಟೆ, ಕೆರೆದು ತೆಗೀರಿ. ಲಾಡಿಹುಳಕ್ಕೆ ಮಾತ್ರ ಐವರ್‌ಮೆಕ್ಟಿನ್ ಏನೂ ಮಾಡಲ್ಲ, ಪ್ರಾಜಿಕ್ವಾಂಟೆಲ್ ಬೆರೆಸಿದ ಪೇಸ್ಟ್ ಬೇಕಾಗುತ್ತೆ.

ಇನ್ನೊಂದು ಎಚ್ಚರ. ಕರುಳಿನ ಗೋಡೆಯೊಳಗೆ ಮಲಗಿರುವ ಸಣ್ಣ ಸ್ಟ್ರಾಂಗೈಲ್ ಮರಿಗಳನ್ನು ಐವರ್‌ಮೆಕ್ಟಿನ್ ಮುಟ್ಟಲ್ಲ. ಒಟ್ಟಿಗೆ ಎದ್ದು ಬಂದರೆ ನೀರಿನಂಥ ಭೇದಿ, ಹೊಟ್ಟೆ ಕೆಳಗೆ ಬಾವು ಬರುತ್ತೆ. ಹಾಗೇನಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ತಿಳಿಸಿ. ಮತ್ತೆ, ಹಾಲು ಕೊಡುವ ತಾಯಿ ಸೊರಗೋದು ಹುಳದಿಂದಲೇ ಆಗಬೇಕಿಲ್ಲ, ಹಲ್ಲು ಚೂಪಾಗಿ ಮೇವು ಅಗಿಯಲಾಗದೇ ಇದ್ದೀತು. ಲದ್ದಿಯಲ್ಲಿ ಹುರುಳಿ ಇಡಿಯಾಗಿ ಬೀಳ್ತಿದ್ದರೆ ಬಾಯಿ ತೋರಿಸಿ.

ತೇಜಿ_ಗದಗ
ಪೇಸ್ಟ್ ಹಾಕಿ ಎರಡು ವಾರಕ್ಕ ಎಣಿಕಿ ಸೊನ್ನಿ ಬಂತ್ರಿ! ಬಾಲದ ಬುಡಕ್ಕ ಹಕ್ಕಳಿ ಇತ್ತು, ತೊಳ್ಯಾಕತ್ತೇವಿ. ಇನ್ನ ಮ್ಯಾಲ ಯಾವಾಗ ಹಾಕಬೇಕು? ಮತ್ತ ಜಾತ್ರಿಗೆ ಇನ್ನೊಂದು ಕುದುರಿ ತರಬೇಕಂತ ಮಾಡೇವಿ.

ಲದ್ದಿ_ಡಾಕ್ಟ್ರು
ಎರಡು ತಿಂಗಳ ಮೇಲೆ ಎಣಿಸಿ. ಅದಕ್ಕೂ ಮೊದಲೇ, ಐದಾರು ವಾರಕ್ಕೆ ಮೊಟ್ಟೆ ವಾಪಸ್ ಬಂದರೆ ಐವರ್‌ಮೆಕ್ಟಿನ್ ಕೂಡ ಕೈಕೊಡಲು ಶುರು ಮಾಡಿದೆ ಅಂತ ಅರ್ಥ. ಬೆಳೆದ ಕುದುರೆಗೆ 200ರಿಂದ 500 ದಾಟಿದರೆ ಔಷಧ, ಇಲ್ಲದಿದ್ದರೆ ಬೇಡ. ಲೆಕ್ಕ ಕಡಿಮೆ ಇದ್ದರೂ ವರ್ಷಕ್ಕೆ ಒಂದು ಸಲ ಮಾತ್ರ ದೊಡ್ಡ ಸ್ಟ್ರಾಂಗೈಲ್ ಸಲುವಾಗಿ ಹಾಕಿ, ಮುಂಗಾರು ಮುಗಿದ ಮೇಲೆ ಒಳ್ಳೇದು. ನಿಮ್ಮ ಕಡೆ ಬೇಸಿಗೆಯ ಬಿಸಿಲೇ ಹುಲ್ಲಿನ ಮೇಲಿನ ಮರಿಹುಳಗಳನ್ನು ಸುಡುತ್ತೆ, ಮಳೆ ಬಿದ್ದ ಮೇಲೆ ಹೊಸ ಹುಲ್ಲಿನಲ್ಲೇ ಅಪಾಯ.

ಕುಣಿಗಲ್_ರಸ್ತೆ
ಔಷಧಿಗಿಂತ ಸಲಿಕೆ ಮುಖ್ಯ. ಮೇಯೋ ಜಾಗದ ಲದ್ದಿ ವಾರಕ್ಕೆ ಎರಡು ಸಲ ಎತ್ತಿ. ಹಸಿ ಲದ್ದಿ ಅಲ್ಲೇ ಹರಡಬೇಡಿ, ತಿಪ್ಪೆ ಹಾಕಿ ಮಗುಚಿ, ಒಳಗೆ ಚೆನ್ನಾಗಿ ಕಾವೇರಿದರೆ ಹುಳ ಸಾಯುತ್ತೆ. ಎಮ್ಮೆ ಇದ್ರೆ ಕುದುರೆ ಮೇಯ್ದ ಜಾಗಕ್ಕೆ ಬಿಡಿ, ಕುದುರೆಯ ಸ್ಟ್ರಾಂಗೈಲ್ ಎಮ್ಮೆ ಹೊಟ್ಟೆಯಲ್ಲಿ ಬದುಕಲ್ಲ.

ಜಾತ್ರೆಯಿಂದ ತಂದ ಕುದುರೆಯನ್ನು ಬೇರೆ ಕಟ್ಟಿ, ಬೇರೆ ಬಕೆಟ್ಟು. ಲದ್ದಿ ಎಣಿಸಿ ಔಷಧ ಹಾಕಿ, ಹದಿನಾಲ್ಕು ದಿನಕ್ಕೆ ಮತ್ತೆ ಎಣಿಸಿ ಸೊನ್ನೆ ಬಂದ ಮೇಲೆ ಇವೆರಡರ ಜೊತೆ ಬಿಡಿ. ಮಾರೋರು ‘ಮೊನ್ನೆ ತಾನೇ ಔಷಧ ಹಾಕಿದೀವಿ’ ಅಂತಾರೆ, ಕೇಳಿ ತಲೆ ಆಡಿಸಿ, ಲ್ಯಾಬಿಗೆ ಹೋಗೋದು ಬಿಡಬೇಡಿ.